ಬೋನ್ಸಾಯ್ ಸಂಘದ ವಾರ್ಷಿಕ ಹರಾಜು ಮತ್ತು ನೋಟದ ಕಲ್ಲುಗಳ ಪ್ರದರ್ಶನ: ಮೈಸೂರಿನ ಸಂಘಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೋನ್ಸಾಯ್ ಸಂಘವೊಂದು ವರ್ಷಕ್ಕೊಮ್ಮೆ ಹರಾಜು ನಡೆಸುವುದಕ್ಕೆ ಎರಡು ಕಾರಣಗಳಿರುತ್ತವೆ. ಸದಸ್ಯರ ತಾರಸಿಯಲ್ಲಿ ಜಾಗ ಸಾಲದೆ ಒತ್ತೊತ್ತಾಗಿ ನಿಂತಿರುವ ಗಿಡಗಳು ಬೇರೊಬ್ಬರ ಆರೈಕೆಗೆ ಹೋಗಬೇಕು, ಸಂಘದ ವರ್ಷದ ಖರ್ಚಿಗೂ ನಾಲ್ಕು ಕಾಸು ಕೂಡಬೇಕು. ಇದರ ಜೊತೆಗೆ ನೋಟದ ಕಲ್ಲುಗಳನ್ನೂ, ಅಂದರೆ ಜಪಾನೀಯರು ಸುಯಿಸೆಕಿ ಎಂದು ಕರೆಯುವ, ಬೆಟ್ಟವನ್ನೋ ದ್ವೀಪವನ್ನೋ ಜಲಪಾತವನ್ನೋ ನೆನಪಿಗೆ ತರುವ ಸಹಜ ಕಲ್ಲುಗಳನ್ನೂ ಪ್ರದರ್ಶಿಸಬೇಕೆಂದು ತೀರ್ಮಾನಿಸಿದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಹರಾಜು ಜನರನ್ನು ಅವಸರಪಡಿಸುತ್ತದೆ, ಕಲ್ಲಾದರೋ ಅವರನ್ನು ನಿಲ್ಲಿಸಿ ನೋಡಿಸಬೇಕು. ಎರಡನ್ನೂ ಒಂದೇ ಸೂರಿನಡಿ ನಿಭಾಯಿಸುವ ಸಂಘಗಳಲ್ಲಿ ಎದ್ದು ಕಾಣುವುದು ಪ್ರತಿ ಗಿಡ ಮತ್ತು ಪ್ರತಿ ಕಲ್ಲಿನ ಪಕ್ಕದಲ್ಲಿರುವ ಚೀಟಿಯ ಶಿಸ್ತು. ಚೀಟಿಯಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬುದನ್ನು ಮೂರು ತಿಂಗಳು ಮುಂಚೆಯೇ ಗಟ್ಟಿಮಾಡಿಕೊಂಡರೆ ಉಳಿದ ಕೆಲಸಗಳು ಅದರ ಹಿಂದೆಯೇ ಸಾಗುತ್ತವೆ.

ದಿನ ಮತ್ತು ಜಾಗ

ಮೈಸೂರಿನಲ್ಲಿ ದಸರೆಯ ಆಸುಪಾಸಿನ ದಿನಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಆಗ ಊರೆಲ್ಲ ಜನ, ತಂಗಲು ಕೋಣೆ ಸಿಗುವುದಿಲ್ಲ, ಮೇಲಾಗಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಇಲ್ಲಿ ಮಳೆ ಹೆಚ್ಚಿರುವ ತಿಂಗಳುಗಳು. ಆದರೆ ದಸರೆಯ ಸಮಯದಲ್ಲಿ ಕುಪ್ಪಣ್ಣ ಪಾರ್ಕಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಗಿಡದ ಆಸಕ್ತರು ತಪ್ಪದೆ ಬರುತ್ತಾರಾದ್ದರಿಂದ ಹರಾಜಿನ ದಿನಾಂಕವನ್ನು ಅಷ್ಟರೊಳಗೆ ನಿಶ್ಚಯಿಸಿಕೊಂಡು ಅಲ್ಲಿ ಬಾಯಿಮಾತಿನಲ್ಲಿ ಹರಡಬಹುದು.

ಹರಾಜಿಗೆ ಅತ್ಯಂತ ಅನುಕೂಲದ ಕಾಲವೆಂದರೆ ಧನುರ್ಮಾಸ, ಎಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಒಂದು ತಿಂಗಳು. ಆ ಅವಧಿಯಲ್ಲಿ ಮದುವೆಗಳು ನಡೆಯದ ಕಾರಣ ಕಲ್ಯಾಣ ಮಂಟಪಗಳು ಖಾಲಿ ಇರುತ್ತವೆ, ಬಾಡಿಗೆಯಲ್ಲೂ ಒಂದಿಷ್ಟು ಚೌಕಾಸಿ ಮಾಡಬಹುದು. ಹವೆ ತಂಪಾಗಿಯೂ ಒಣದಾಗಿಯೂ ಇರುವುದರಿಂದ ಗಿಡಗಳು ಕಾರಿನಲ್ಲಿ ಬೇಯುವುದಿಲ್ಲ. ಅಲ್ಲದೆ ಅರಳಿ ಮತ್ತು ಹುಣಸೆ ಎಲೆ ಉದುರಿಸತೊಡಗುವುದು ಸಾಮಾನ್ಯವಾಗಿ ಸಂಕ್ರಾಂತಿ ಕಳೆದ ಮೇಲೆ. ಹೀಗಾಗಿ ಫೆಬ್ರವರಿ ಕೊನೆಗೆ ಕುಂಡ ಬದಲಿಸುವ ಮುಂಚೆ ಗಿಡದ ಸ್ವಭಾವ ಅರಿಯುವಷ್ಟು ಸಮಯವೂ ಕೊಂಡವರಿಗೆ ದೊರೆಯುತ್ತದೆ.

ಮಂಟಪವನ್ನು ಆರಿಸುವಾಗ ವೇದಿಕೆಯ ಅಲಂಕಾರ ನೋಡಬೇಡಿ, ಕೋಣೆಗಳ ಜೋಡಣೆ ನೋಡಿ. ಊಟದ ಹಾಲಿನಲ್ಲಿ ಉದ್ದನೆಯ ಮೇಜು, ನಲ್ಲಿ, ತೊಳೆಯಬಹುದಾದ ನೆಲ ಮೂರೂ ಇರುವುದರಿಂದ ಹರಾಜಿನ ಗಿಡಗಳನ್ನು ಅಲ್ಲಿ ಇಡಬೇಕು. ಕುರ್ಚಿಗಳಿರುವ ದೊಡ್ಡ ಹಾಲು ಸವಾಲು ಕೂಗಲು. ನಿಶ್ಚಿತಾರ್ಥದಂಥ ಸಣ್ಣ ಸಮಾರಂಭಗಳಿಗೆ ಕೊಡುವ ಚಿಕ್ಕ ಹಾಲೊಂದು ಬಾಗಿಲಿನ ಹತ್ತಿರದಲ್ಲಿದ್ದರೆ ಅದನ್ನು ಕಲ್ಲುಗಳಿಗೆ ಮೀಸಲಿಟ್ಟು, ಒಳಗೆ ಬಂದವರೆಲ್ಲರೂ ಮೊದಲು ಅದನ್ನು ಹಾದುಹೋಗುವಂತೆ ದಾರಿ ಮಾಡಬೇಕು. ಕಲ್ಲುಗಳನ್ನು ಕೊನೆಗಿಟ್ಟರೆ ಗಿಡ ಕೊಂಡವರು ಅದನ್ನು ಕಾರಿಗೆ ಸೇರಿಸುವ ಧಾವಂತದಲ್ಲಿ ಆ ಕಡೆ ತಲೆಯನ್ನೂ ಹಾಕುವುದಿಲ್ಲ. ನೆಲಮಾಳಿಗೆಯ ಹಾಲುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದು; ಹಣ ಪಾವತಿಯ ಮೇಜನ್ನು ಅಲ್ಲಿ ಹಾಕಿದರೆ ಯುಪಿಐ ಸುತ್ತುತ್ತಲೇ ಇರುತ್ತದೆ, ಸರದಿ ಬೆಳೆಯುತ್ತದೆ.

ಹರಾಜಿಗೆ ಗಿಡಗಳನ್ನು ಸ್ವೀಕರಿಸುವುದು

ಗಿಡ ಕೊಡುವ ಸದಸ್ಯರಿಂದ ಅಕ್ಟೋಬರ್ ಕೊನೆಯೊಳಗೆ ಅರ್ಜಿ ತುಂಬಿಸಿಕೊಳ್ಳಬೇಕು. ಒಬ್ಬರಿಗೆ ಐದು ಗಿಡಗಳ ಮಿತಿ ಇರಲಿ. ಮಿತಿ ಇಲ್ಲದಿದ್ದರೆ ಎಲ್ಲರೂ ಉಳಿದು ಹೋದ ಕಡ್ಡಿಗಳನ್ನು ತಂದು ಸುರಿಯುತ್ತಾರೆ. ಸಂಘದ ಪಾಲು ಶೇಕಡಾ 15 ಅಥವಾ 20 ಎಂದು ಅರ್ಜಿಯಲ್ಲಿಯೇ ಮುದ್ರಿಸಿ ಸಹಿ ಪಡೆಯಬೇಕು. ಗಿಡ ಕೊಟ್ಟವರು ತಮ್ಮ ಗಿಡಕ್ಕೆ ತಾವೇ ಅಥವಾ ಮನೆಯವರ ಮೂಲಕ ಸವಾಲು ಕೂಗಿ ಬೆಲೆ ಏರಿಸುವಂತಿಲ್ಲ ಎಂಬ ಷರತ್ತೂ ಅದೇ ಹಾಳೆಯಲ್ಲಿರಬೇಕು.

ಇನ್ನು ಚೀಟಿ. ಅದರಲ್ಲಿ ಗಿಡದ ಕನ್ನಡ ಹೆಸರು ಮತ್ತು ಸಸ್ಯಶಾಸ್ತ್ರೀಯ ಹೆಸರು ಎರಡೂ ಬೇಕು, ಏಕೆಂದರೆ ನಮ್ಮಲ್ಲಿ ಆಲ, ಅರಳಿ, ಗೋಣಿ, ಬಸರಿ, ಅತ್ತಿ ಎಲ್ಲವೂ ಫೈಕಸ್ ಕುಲದವೇ ಆಗಿರುವಾಗ ಬರಿದೆ ‘ಫೈಕಸ್’ ಎಂದು ಬರೆದರೆ ಕೊಳ್ಳುವವನಿಗೆ ಏನೂ ತಿಳಿಸಿದಂತಾಗುವುದಿಲ್ಲ. ವಯಸ್ಸನ್ನು ಬರೆಯಲು ಅವಕಾಶವನ್ನೇ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೆಲದಲ್ಲಿ ಬಿಟ್ಟು ಬೆಳೆಸಿದ ಆಲ ಅಥವಾ ಬಸರಿಯ ಕಾಂಡ ಕೆಲವೇ ವರ್ಷಗಳಲ್ಲಿ ತೊಡೆಗಾತ್ರ ದಪ್ಪವಾಗಬಲ್ಲದು, ಕಲ್ಲುಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ದಶಕಗಳಾದರೂ ಬೆರಳುಗಾತ್ರವೇ ಇರಬಲ್ಲದು. ಕಾಂಡ ನೋಡಿ ‘ನಲವತ್ತು ವರ್ಷದ ಗಿಡ’ ಎಂದು ಬರೆಯುವುದು ಬೆಲೆ ಏರಿಸುವ ಉಪಾಯವಷ್ಟೇ. ಅದರ ಬದಲು ಗಿಡ ಯಾವ ವರ್ಷದಿಂದ ಬೋನ್ಸಾಯ್ ಕುಂಡದಲ್ಲಿದೆ, ಕೊನೆಯ ಸಲ ಬೇರು ಕತ್ತರಿಸಿ ಕುಂಡ ಬದಲಿಸಿದ್ದು ಯಾವಾಗ, ಮಣ್ಣಿನ ಮಿಶ್ರಣ ಏನು ಎಂಬ ಮೂರು ಸಂಗತಿಗಳನ್ನು ಬರೆಸಿದರೆ ಅವು ಕೊಂಡವನಿಗೆ ಮರುದಿನದಿಂದಲೇ ಉಪಯೋಗಕ್ಕೆ ಬರುತ್ತವೆ. ಚೆನ್ನಾಗಿ ಬರೆದ ಚೀಟಿ ಹೀಗಿರುತ್ತದೆ: ‘ಸಂಖ್ಯೆ 27. ಬಸರಿ, ಫೈಕಸ್ ವೈರೆನ್ಸ್. ಎತ್ತರ 48 ಸೆಂ.ಮೀ. 2016ರಿಂದ ಕುಂಡದಲ್ಲಿದೆ. ಕುಂಡ ಬದಲಿಸಿದ್ದು 2023ರ ಜೂನ್. ಇಟ್ಟಿಗೆ ಚೂರು, ಕೆಮ್ಮಣ್ಣು, ಎಲೆಗೊಬ್ಬರ. ಹಿಂಬದಿಯ ಎರಡನೇ ಕೊಂಬೆಯಲ್ಲಿ ತಂತಿಯ ಗುರುತು ಉಳಿದಿದೆ.’ ಕೊಂಬೆಯನ್ನು ಬಾಗಿಸಲು ಸುತ್ತಿದ ತಂತಿಯ ಗುರುತನ್ನು ಹೇಳುವ ಆ ಕೊನೆಯ ಸಾಲಿನಿಂದ ಬೆಲೆ ಕುಗ್ಗೀತು ಎಂದು ಅನೇಕರು ಹೆದರುತ್ತಾರೆ. ಆದರೆ ದೋಷವನ್ನು ಮುಂಚಿತವಾಗಿ ಬರೆದ ಗಿಡಕ್ಕೆ ಜನ ಧೈರ್ಯವಾಗಿ ಕೂಗುತ್ತಾರೆ, ಏಕೆಂದರೆ ಬರೆಯದೆ ಬಿಟ್ಟದ್ದು ಇನ್ನೇನೂ ಇಲ್ಲವೆಂಬ ನಂಬಿಕೆ ಅವರಿಗೆ ಹುಟ್ಟಿರುತ್ತದೆ.

ಚೀಟಿಯನ್ನು ಎರಡು ಪ್ರತಿ ಮಾಡಿ, ಒಂದನ್ನು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಮಣ್ಣಿಗೆ ಚುಚ್ಚಬೇಕು, ಇನ್ನೊಂದನ್ನು ಕುಂಡಕ್ಕೆ ಕಟ್ಟಬೇಕು. ಬಾಲ್ ಪೆನ್ನಿನ ಶಾಯಿ ನೀರಿಗೂ ಬಿಸಿಲಿಗೂ ಅಳಿಸಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಕೊಂಬೆಗೆ ಚೀಟಿ ಕಟ್ಟಬಾರದು. ನೋಡುವವರು ಅದನ್ನೇ ಹಿಡಿದು ಎಳೆದು ಓದುತ್ತಾರೆ.

ಹರಾಜಿಗೆ ಒಂದು ವಾರ ಮುಂಚೆ ಇಬ್ಬರು ಅನುಭವಿ ಸದಸ್ಯರು ಪ್ರತಿ ಗಿಡವನ್ನೂ ಪರೀಕ್ಷಿಸಬೇಕು. ಕಾಂಡವನ್ನು ಹಿಡಿದು ಮೆಲ್ಲಗೆ ಅಲುಗಿಸಿದಾಗ ಬುಡ ಕದಲಿದರೆ ಬೇರು ಇನ್ನೂ ಹಿಡಿದಿಲ್ಲ ಎಂದರ್ಥ, ಅಂಥ ಗಿಡವನ್ನು ಮುಂದಿನ ವರ್ಷಕ್ಕೆ ಹಿಂದಿರುಗಿಸಬೇಕು. ಕುಂಡದ ತಳದ ರಂಧ್ರಕ್ಕೆ ಮೂಗು ಹಿಡಿದು ನೋಡಿದರೆ ಕೊಳೆತ ಬೇರು ವಾಸನೆಯಿಂದಲೇ ತಿಳಿಯುತ್ತದೆ. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಹಿಟ್ಟು ತಿಗಣೆ, ಫೈಕಸ್ ಗಿಡಗಳಲ್ಲಿ ಥ್ರಿಪ್ಸ್ ನುಸಿಯಿಂದ ಮಡಚಿಕೊಂಡ ಎಲೆ, ಕಾಂಡದ ಮೇಲೆ ಏರಿಳಿಯುವ ಇರುವೆಸಾಲು ಇವುಗಳಲ್ಲಿ ಯಾವುದು ಕಂಡರೂ ಗಿಡವನ್ನು ಒಳಗೆ ಬಿಡಬಾರದು. ಇರುವೆಯನ್ನು ಸಣ್ಣ ವಿಷಯವೆಂದು ತಳ್ಳಿಹಾಕಬೇಡಿ, ತಿಗಣೆಯ ಸಿಹಿ ಸ್ರಾವಕ್ಕಾಗಿ ಅವನ್ನು ಕಾಯುತ್ತಾ ಗಿಡದಿಂದ ಗಿಡಕ್ಕೆ ಸಾಗಿಸುವುದೇ ಇರುವೆ. ಉದ್ದನೆಯ ಮೇಜಿನ ಮೇಲೆ ಎರಡು ದಿನ ಒತ್ತಾಗಿ ನಿಲ್ಲುವ ಎಂಬತ್ತು ಗಿಡಗಳಿಗೆ ಒಂದೇ ಗಿಡದಿಂದ ರೋಗ ಹರಡಬಲ್ಲದು.

ಆಲ, ಬಸರಿಯಂಥ ಗಿಡಗಳಿಗೆ ಚಿಕ್ಕ ಹೊಸ ಎಲೆ ಬಂದಿರಬೇಕೆಂದರೆ ಹಳೆಯ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸುವ ಕೆಲಸವನ್ನು ನವೆಂಬರ್ ಮೊದಲ ವಾರದಲ್ಲೇ ಮುಗಿಸಬೇಕು. ಚಳಿಗಾಲದಲ್ಲಿ ಚಿಗುರು ನಿಧಾನ. ಸೊರಗಿದ ಗಿಡದ ಎಲೆ ತೆಗೆಯುವುದು ಅದನ್ನು ಕೊಲ್ಲುವುದಕ್ಕೆ ಸಮ.

ನೋಟದ ಕಲ್ಲನ್ನು ಆರಿಸುವುದು

ಕಲ್ಲನ್ನು ಮನೆಯೊಳಗಿಟ್ಟು ಗೌರವಿಸುವುದು ಕನ್ನಡಿಗರಿಗೆ ಹೊಸದಲ್ಲ. ಪಂಚಾಯತನ ಪೂಜೆಯಲ್ಲಿ ಗಂಡಕಿಯ ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಶೋಣ ನದಿಯ ಕೆಂಪುಕಲ್ಲು, ಸ್ವರ್ಣಮುಖಿಯ ಕಲ್ಲು, ಸ್ಫಟಿಕ ಇವೆಲ್ಲ ಕಡೆಯದ, ಸಹಜ ರೂಪದ ಕಲ್ಲುಗಳೇ. ಪ್ರದರ್ಶನಕ್ಕೆ ಬರುವವರಿಗೆ ಸುಯಿಸೆಕಿಯನ್ನು ಪರಿಚಯಿಸಲು ಈ ಎಳೆ ಸಾಕಾಗುತ್ತದೆ, ಆದರೆ ಪೂಜೆಯಲ್ಲಿದ್ದ ಕಲ್ಲುಗಳನ್ನು ಪ್ರದರ್ಶನಕ್ಕೆ ಸ್ವೀಕರಿಸಬಾರದು. ಆ ಕಲ್ಲಿನ ಮುಂದೆ ಜನ ನಿಲ್ಲುವ ರೀತಿಯೇ ಬೇರೆ. ಚೀನೀಯರು ತೆಳುವಾದ, ಸುಕ್ಕುಗಟ್ಟಿದ, ತೂತುತೂತಾದ ಕಲ್ಲುಗಳನ್ನು ಮೆಚ್ಚಿದರೆ ಜಪಾನೀಯರು ಗಟ್ಟಿಯಾದ, ಗಾಢ ಬಣ್ಣದ, ಸದ್ದಿಲ್ಲದ ರೂಪಗಳತ್ತ ವಾಲಿದರು. ನಮ್ಮ ಭಾಗದ ಕಲ್ಲುಗಳು ಎರಡನೆಯ ಅಭಿರುಚಿಗೆ ಹೆಚ್ಚು ಒಗ್ಗುತ್ತವೆ.

ಮೈಸೂರು, ಮಂಡ್ಯದ ನೆಲದಡಿ ಬಹುಪಾಲು ಪಟ್ಟೆಪಟ್ಟೆಯಾದ ನೈಸ್ ಶಿಲೆ. ಅದನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಗೋಡೆಗಳು ಎದ್ದಿವೆ, ಅಲ್ಲಲ್ಲಿ ಕಪ್ಪು ಹಸಿರಿನ ಆಂಫಿಬೊಲೈಟ್, ಬೆಣಚುಕಲ್ಲು ಇವೆ. ಚಾಮುಂಡಿ ಬೆಟ್ಟದ ಗ್ರಾನೈಟ್ ದಪ್ಪ ಕಣದ್ದಾದ್ದರಿಂದ ಸವೆದಾಗ ಗುಂಡಗಾಗುತ್ತದೆ ಹೊರತು ಶಿಖರದಂಥ ಸೂಕ್ಷ್ಮ ಅಂಚುಗಳನ್ನು ಕೊಡುವುದು ಅಪರೂಪ. ದೂರದ ಬೆಟ್ಟಸಾಲಿನ ರೂಪ ಬೇಕೆಂದರೆ ಹೊಲದ ಬದುವಿನಲ್ಲಿ ಒಟ್ಟಿರುವ ಡಾಲರೈಟ್ ರಾಶಿಯಲ್ಲಿ ಹುಡುಕುವುದು ಲೇಸು. ಜಲಪಾತದ ಕಲ್ಲಿಗೆ, ಕಪ್ಪು ಶಿಲೆಯ ನಡುವೆ ಮೇಲಿಂದ ಕೆಳಗಿಳಿದ ಬೆಣಚಿನ ಬಿಳಿ ಎಳೆಯಿರುವ ತುಂಡು ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ಉಗುರಿನಿಂದ ಗೀಚಿದರೆ ಗೆರೆ ಬೀಳುವ ಬಳಪದ ಕಲ್ಲು ಶಿಲ್ಪಕ್ಕೆ ಎಷ್ಟು ಒಳ್ಳೆಯದೋ ಈ ಕಲೆಗೆ ಅಷ್ಟೇ ಅನುಪಯುಕ್ತ, ಏಕೆಂದರೆ ಅದರ ಅಂಚುಗಳು ಕೈಯಾಡಿಸಿದಂತೆಲ್ಲ ಮಾಸುತ್ತವೆ.

ಕಲ್ಲು ಎಲ್ಲಿಂದ ಬಂತು ಎಂಬುದನ್ನು ಸಂಘ ಕೇಳಲೇಬೇಕು. ರಂಗನತಿಟ್ಟಿನಂಥ ಪಕ್ಷಿಧಾಮದಿಂದ, ಮೀಸಲು ಅರಣ್ಯದಿಂದ, ಸಂರಕ್ಷಿತ ಸ್ಮಾರಕಗಳ ಆವರಣದಿಂದ ಕಲ್ಲು ಎತ್ತುವುದು ಕಾನೂನಿಗೆ ವಿರುದ್ಧ. ಊರಾಚೆ ಒರಗಿರುವ ವೀರಗಲ್ಲು, ಮಾಸ್ತಿಗಲ್ಲುಗಳ ಚೂರಿಗೂ ಕೈ ಹಾಕಬಾರದು. ಜಮೀನಿನ ಮಾಲೀಕರ ಒಪ್ಪಿಗೆ ಪಡೆದು ಹೊಲದಿಂದ ತಂದ ಕಲ್ಲೇ ನಿಶ್ಚಿಂತೆ. ರೈತರಿಗೆ ಅದು ನೇಗಿಲಿಗೆ ಅಡ್ಡ ಬರುವ ಕಲ್ಲು, ಸಂತೋಷದಿಂದಲೇ ಕೊಡುತ್ತಾರೆ.

ತಂದ ಕಲ್ಲನ್ನು ಮೆತ್ತನೆಯ ಬ್ರಷ್ ಮತ್ತು ನೀರಿನಿಂದ ತೊಳೆದು, ಸಂದುಗಳ ಮಣ್ಣನ್ನು ಬಿದಿರುಕಡ್ಡಿಯಿಂದ ಬಿಡಿಸಬೇಕು. ಕೊಬ್ಬರಿ ಎಣ್ಣೆ ಸವರಿ ಹೊಳಪು ತರುವ ಅಭ್ಯಾಸ ಕೆಲವರಲ್ಲಿದೆ. ದಿನ ಕಳೆದಂತೆ ಅದು ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ವಾರ್ನಿಷ್ ಅಂತೂ ಕೂಡದು. ಕಲ್ಲನ್ನು ವರ್ಷಗಟ್ಟಲೆ ಬಿಸಿಲು ಗಾಳಿಯಲ್ಲಿಟ್ಟು ದಿನವೂ ನೀರು ಚಿಮುಕಿಸುತ್ತಾ ಬಂದರೆ ಮೇಲ್ಮೈಗೆ ತಾನಾಗಿ ಬರುವ ಹಳಮೆಯೇ ಅದರ ಬೆಲೆ. ತಳವನ್ನು ಯಂತ್ರದಿಂದ ಕತ್ತರಿಸಿ ಸಮ ಮಾಡಿದ ಕಲ್ಲನ್ನು ಕೆಲವು ಸಂಘಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪುವುದಾದರೆ ‘ತಳ ಕತ್ತರಿಸಿದೆ’ ಎಂದು ಚೀಟಿಯಲ್ಲಿ ಬರೆದಿರಬೇಕು, ಇಷ್ಟು ಮಾಡಿದರೆ ವಾದವೇ ಇರುವುದಿಲ್ಲ.

ಪೀಠ ಮತ್ತು ಮರಳಿನ ತಟ್ಟೆ

ಕಲ್ಲು ತಾನಾಗಿ ನಿಲ್ಲದು. ಅದರ ತಳದ ಅಂಕುಡೊಂಕಿಗೆ ಸರಿಯಾಗಿ ಕೆತ್ತಿದ ಮರದ ಪೀಠ, ಜಪಾನೀಯರ ದಾಯಿಜಾ, ಬೇಕಾಗುತ್ತದೆ. ಬೀಟೆ ಮರದ ಕುಸುರಿ ಕೆಲಸಕ್ಕೆ ಹೆಸರಾದ ಮೈಸೂರಿನಲ್ಲಿ ಇದನ್ನು ಮಾಡಬಲ್ಲ ಕೈಗಳಿಗೆ ಬರವಿಲ್ಲ, ಆದರೂ ಮೊದಲ ಪೀಠವನ್ನು ಸದಸ್ಯರೇ ಮಾಡಿ ಕಲಿಯಲಿ. ಅಂಗೈಯಗಲದ ಕಲ್ಲಿಗೆ ಚೆನ್ನಾಗಿ ಒಣಗಿದ ತೇಗ ಅಥವಾ ಬೀಟೆಯ 25 ಮಿ.ಮೀ. ದಪ್ಪದ ಹಲಗೆ ಸಾಕು. ಕಲ್ಲನ್ನು ಯಾವ ಓರೆಯಲ್ಲಿ ನಿಲ್ಲಿಸಬೇಕೆಂದು ಮೊದಲು ಮರಳಿನ ತಟ್ಟೆಯಲ್ಲಿ ಊರಿ ಹಲವು ದಿನ ನೋಡಿ ಗೊತ್ತುಮಾಡಿಕೊಂಡು, ಅದೇ ಭಂಗಿಯಲ್ಲಿ ಹಲಗೆಯ ಮೇಲಿಟ್ಟು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತಲೂ ಗೆರೆ ಎಳೆಯಬೇಕು. ಗೆರೆಯ ಒಳಗೆ ಉಳಿಯಿಂದ ಸ್ವಲ್ಪ ಸ್ವಲ್ಪವೇ ತೋಡಿ, ಗುಳಿಯಲ್ಲಿ ಕಾರ್ಬನ್ ಪೇಪರನ್ನು ಶಾಯಿಯ ಬದಿ ಕೆಳಗಾಗಿ ಹಾಸಿ ಕಲ್ಲನ್ನು ಒತ್ತಿದರೆ, ಕಲ್ಲು ತಾಗುವ ಕಡೆಗಳಲ್ಲಿ ಮರದ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ. ಆ ಚುಕ್ಕೆಗಳನ್ನಷ್ಟೇ ಕೆತ್ತಿ ತೆಗೆಯುವುದು, ಮತ್ತೆ ಒತ್ತುವುದು, ಮತ್ತೆ ಕೆತ್ತುವುದು. ಚುಕ್ಕೆಗಳು ಗುಳಿಯ ತುಂಬ ಸಮನಾಗಿ ಹರಡಿ, ಕಲ್ಲು ಅಲುಗದೆ ಕೂರುವವರೆಗೆ ಈ ಕೆಲಸ ನಡೆಯಬೇಕು, ಒಂದು ಇಡೀ ಭಾನುವಾರ ಇದಕ್ಕೇ ಹೋಗುತ್ತದೆ. ಅನಂತರ ಹೊರಗೆ 2 ಅಥವಾ 3 ಮಿ.ಮೀ. ಅಂಚು ಮಾತ್ರ ಉಳಿಸಿ ಹೆಚ್ಚಿನ ಮರವನ್ನು ಗರಗಸದಿಂದ ತೆಗೆಯಬೇಕು. ಕಾಲುಗಳನ್ನು ಅಳತೆ ಹಿಡಿದು ಸಮದೂರದಲ್ಲಿಡದೆ, ಕಲ್ಲಿನ ಭಾರ ಎಲ್ಲಿ ಇಳಿಯುತ್ತದೋ ಅಲ್ಲಿ ಇಡಬೇಕು. ಬಣ್ಣ ಗಾಢವಾಗಿ, ಹೊಳಪು ಮಂಕಾಗಿ ಇರಲಿ.

ದ್ವೀಪದಂಥ ಅಥವಾ ತಗ್ಗಿನ ಬೆಟ್ಟದಂಥ ಕಲ್ಲುಗಳಿಗೆ ಪೀಠಕ್ಕಿಂತ ತಳದಲ್ಲಿ ರಂಧ್ರವಿಲ್ಲದ ತೆಳು ತಟ್ಟೆ, ಅಂದರೆ ಸುಯಿಬಾನ್, ಹೊಂದುತ್ತದೆ. ಕಲ್ಲು ತಟ್ಟೆಯ ಉದ್ದದ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನದಂತಿರಲಿ, ನಟ್ಟನಡುವೆ ಕೂರದೆ ಒಂದು ಬದಿಗೆ ಸರಿದಿರಲಿ. ಎರಡು ಸಲ ಜರಡಿ ಹಿಡಿದು ತೊಳೆದ ಸಣ್ಣ ಮರಳನ್ನು ತುಂಬಿ, ನೀರು ಚಿಮುಕಿಸಿ, ಮರದ ಸ್ಕೇಲಿನಿಂದ ಒಂದೇ ಎಳೆತಕ್ಕೆ ಮಟ್ಟ ಮಾಡಬೇಕು. ಎಂ-ಸ್ಯಾಂಡಿನ ಬೂದು ಬಣ್ಣ ಮತ್ತು ಚೂಪು ಕಣ ಇದಕ್ಕೆ ಹೊಂದುವುದಿಲ್ಲ.

ಸಾಲು ಹಚ್ಚುವುದು

ಚಿಕ್ಕ ಹಾಲಿನಲ್ಲಿ ಇಪ್ಪತ್ತು ಕಲ್ಲು ಸಾಕು. ಒಂದಕ್ಕೂ ಇನ್ನೊಂದಕ್ಕೂ ಮೂರಡಿಗಿಂತ ಕಡಿಮೆ ಅಂತರವಿರಬಾರದು, ಹಿಂದೆ ಕೆನೆಬಣ್ಣದ ಖಾದಿ ಬಟ್ಟೆಯ ಹೊರತು ಏನೂ ಬೇಡ, ಮಂಟಪದವರು ಕಟ್ಟಿಟ್ಟ ಬಣ್ಣದ ಪರದೆಗಳನ್ನು ಮುಲಾಜಿಲ್ಲದೆ ಬಿಚ್ಚಿಸಬೇಕು. ಟ್ಯೂಬ್‌ಲೈಟ್ ಆರಿಸಿ, ಒಂದೇ ಬದಿಯಿಂದ ಬೆಚ್ಚನೆಯ ಬೆಳಕು ಬಿಟ್ಟರೆ ಕಲ್ಲಿನ ಸುಕ್ಕುಗಳು ಎದ್ದು ಕಾಣುತ್ತವೆ. ಬೆಟ್ಟದ ಕಲ್ಲಿನ ಪಕ್ಕದಲ್ಲಿ ಜೊತೆಗಿಡ ಇಡುವುದಾದರೆ ಬೋನ್ಸಾಯ್ ಬೇಡ, ಅಳತೆ ಕೆಡುತ್ತದೆ. ಚಿಕ್ಕ ಕುಂಡದಲ್ಲಿ ಒಂದೆಲಗವೋ ಪುಳ್ಳಂಪುರಚೆಯೋ ಸಾಕು. ಚೀಟಿಯಲ್ಲಿ ಕಲ್ಲಿನ ಬಗೆ, ಸಿಕ್ಕ ಪ್ರದೇಶ, ಉದ್ದ ಅಗಲ ಎತ್ತರ, ಇಟ್ಟವರ ಹೆಸರು ಇಷ್ಟಿರಲಿ. ‘ನಂದಿ’, ‘ಆನೆ’, ‘ಧ್ಯಾನಸ್ಥ ಮುನಿ’ ಎಂದೆಲ್ಲ ಹೆಸರಿಟ್ಟರೆ ನೋಡುವವರು ಆ ಆಕಾರವನ್ನು ಪತ್ತೆ ಹಚ್ಚಿ ಮುಂದೆ ಹೋಗಿಬಿಡುತ್ತಾರೆ.

ಕಲ್ಲುಗಳಿಗೆ ಬಹುಮಾನವನ್ನೂ ಬೆಲೆಯನ್ನೂ ಇಡಬಾರದು. ಬೆಲೆ ಇಟ್ಟ ಕೂಡಲೇ ಆ ಕೋಣೆಯೂ ಅಂಗಡಿಯಾಗುತ್ತದೆ. ಇನ್ನೊಂದು ವಿಷಯದಲ್ಲಿ ಎಚ್ಚರವಿರಲಿ: ಮರಳಿನ ತಟ್ಟೆಯಲ್ಲಿ ನೀರು ಕಂಡರೆ ನಮ್ಮ ಜನ ನಾಣ್ಯ ಹಾಕುತ್ತಾರೆ, ಲಿಂಗದಂತೆ ಕಂಡ ಕಲ್ಲಿಗೆ ಹೂವಿಡುತ್ತಾರೆ. ಗದರಿಸುವ ಫಲಕಕ್ಕಿಂತ ಮೇಜಿನ ಮುಂದೆ ಎರಡಡಿ ದೂರದಲ್ಲಿ ಕಟ್ಟಿದ ತೆಳು ಹಗ್ಗ ಮತ್ತು ಬಾಯಿ ಮೆತ್ತಗಿರುವ ಒಬ್ಬ ಹಿರಿಯ ಸದಸ್ಯರು ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ.

ಸವಾಲಿನ ದಿನ

ಶನಿವಾರ ಪೂರ್ತಿ ವೀಕ್ಷಣೆಗೆ ಬಿಟ್ಟು ಭಾನುವಾರ ಹತ್ತೂವರೆಗೆ ಹರಾಜು ಆರಂಭಿಸುವುದು ಅನುಕೂಲ. ಹೊಸಬರಿಗೆ ಕಣ್ಣು ಪಳಗಬೇಕಾದರೆ ಶನಿವಾರವೇ ಊಟಿ ರಸ್ತೆಯ ಅವಧೂತ ದತ್ತಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ಒಂದು ಸುತ್ತು ನೋಡಿಬರಲಿ ಎಂದು ಕರಪತ್ರದಲ್ಲಿಯೇ ಸೂಚಿಸಬಹುದು. ಗಿಡಗಳಿಗೆ ಶನಿವಾರ ಸಂಜೆ ನೀರುಣಿಸಬೇಕು, ಭಾನುವಾರ ಬೆಳಿಗ್ಗೆ ಬೇಡ. ಕೆಸರು ಸೋರುವ ಕುಂಡವನ್ನು ಯಾರೂ ಎತ್ತಿಕೊಳ್ಳುವುದಿಲ್ಲ.

ಸವಾಲು ಕೂಗುವವರೆಲ್ಲರೂ ಹೆಸರು, ಫೋನ್ ಸಂಖ್ಯೆ ಬರೆಸಿ, ಹಿಂದಿರುಗಿಸುವ 500 ರೂಪಾಯಿ ಠೇವಣಿ ಕಟ್ಟಿ ಸಂಖ್ಯೆಯ ಫಲಕ ಪಡೆಯಬೇಕು. ಠೇವಣಿ ಕಟ್ಟದೆ ಕೂಗಿದ ಮಾತಿಗೆ ತೂಕವಿರುವುದಿಲ್ಲ. ಹಳ್ಳಿಯ ಹುಣಸೆಹಣ್ಣಿನ ಹರಾಜಿನಲ್ಲಿ ‘ಸರ್ಕಾರಿ ಸವಾಲು’ ಎಂದು ಮೊದಲ ಬೆಲೆ ಕೂಗುವಂತೆ ಇಲ್ಲಿಯೂ ಗಿಡ ಕೊಟ್ಟವರು ಒಪ್ಪಿದ ಕನಿಷ್ಠ ಬೆಲೆಯಿಂದಲೇ ಬಹಿರಂಗವಾಗಿ ಆರಂಭಿಸುವುದು ಮೇಲು; ಗುಟ್ಟಾಗಿಟ್ಟ ಮೀಸಲು ಬೆಲೆ, ಗಿಡ ಕೈತಪ್ಪಿದಾಗ ಕೂಗಿದವರಿಗೆ ಮೋಸವಾದಂತೆ ತೋರುತ್ತದೆ. ಏರಿಕೆಯ ಮೆಟ್ಟಿಲು ಸಾವಿರ ರೂಪಾಯಿಯವರೆಗೆ 50, ಐದು ಸಾವಿರದವರೆಗೆ 200, ಇಪ್ಪತ್ತು ಸಾವಿರದವರೆಗೆ 500, ಅದರ ಮೇಲೆ 1000 ಎಂದು ಗೋಡೆಗೆ ಅಂಟಿಸಿದರೆ ಯಾರೂ ಹತ್ತು ರೂಪಾಯಿ ಏರಿಸಿ ಕಾಲಹರಣ ಮಾಡಲಾರರು.

ಗಿಡಗಳ ಕ್ರಮದಲ್ಲಿಯೂ ಜಾಣ್ಮೆ ಬೇಕು. ಮೊದಲ ಹತ್ತು ಗಿಡಗಳು ಅಗ್ಗದ ಜೇಡ್, ಅಡೀನಿಯಂ, ಕಾಗದದ ಹೂವಿನ ಗಿಡಗಳಾಗಿರಲಿ, ಹೊಸಬರಿಗೆ ಕೂಗುವ ಧೈರ್ಯ ಬರುತ್ತದೆ. ಅತ್ಯುತ್ತಮ ಗಿಡಗಳನ್ನು ಮೂರನೇ ಒಂದು ಭಾಗ ಮುಗಿದ ಮೇಲೆ, ಊಟಕ್ಕೆ ಮುಂಚೆ ತರಬೇಕು, ಊಟದ ನಂತರ ಅರ್ಧ ಹಾಲು ಖಾಲಿಯಾಗಿರುತ್ತದೆ. ಹುಣಸೆ ಸಂಜೆಯಾಗುತ್ತಲೇ ಎಲೆ ಮುಚ್ಚಿಕೊಳ್ಳುವ ಗಿಡ; ತಡವಾಗಿ ವೇದಿಕೆಗೆ ತಂದರೆ ಬಾಡಿದೆಯೆಂದು ಜನ ತಪ್ಪು ತಿಳಿಯುತ್ತಾರೆ, ಹಾಗಾಗಿ ಅದರ ಸರದಿ ಬೆಳಗಿನಲ್ಲೇ ಬರಲಿ. ಒಂದು ಗಿಡಕ್ಕೆ ಸರಾಸರಿ ಒಂದೂವರೆ ನಿಮಿಷವೆಂದರೆ ಎಂಬತ್ತು ಗಿಡಗಳಿಗೆ ಎರಡು ತಾಸು ಸಾಕು. ಇದಕ್ಕಿಂತ ಹೆಚ್ಚಿದ್ದರೆ ಸಣ್ಣ ಗಿಡ, ಕುಂಡ, ಉಪಕರಣಗಳನ್ನು ಹಾಳೆಯ ಮೇಲೆ ಬೆಲೆ ಬರೆದು ಹೋಗುವ ಮೌನ ಸವಾಲಿಗೆ ಹಾಕಿ, ಮೇಜಿಗೊಂದರಂತೆ ಬೇರೆ ಬೇರೆ ಹೊತ್ತಿಗೆ ಗಂಟೆ ಬಾರಿಸಿ ಮುಗಿಸಬಹುದು.

ಕೂಗುವವರು ಚೀಟಿಯನ್ನು ದೋಷದ ಸಾಲು ಸೇರಿಸಿ ಗಟ್ಟಿಯಾಗಿ ಓದಬೇಕು, ಅನಂತರವೇ ಬೆಲೆ. ಇಬ್ಬರು ಒಂದೇ ಬೆಲೆಯನ್ನು ಒಮ್ಮೆಗೇ ಕೂಗಿದರೆ ಅವರಿಬ್ಬರ ನಡುವೆ ಮಾತ್ರ ಮತ್ತೆ ನಡೆಸಬೇಕು. ‘ಮೂರು ಸಾರಿ’ ಎಂದ ಮೇಲೆ ಯಾರು ಏನೇ ಹೇಳಿದರೂ ಬದಲಾವಣೆ ಇಲ್ಲ, ಸಂಘದ ಅಧ್ಯಕ್ಷರಿಗೂ ಇಲ್ಲ. ಗಿಡದ ಸಂಖ್ಯೆ, ಫಲಕದ ಸಂಖ್ಯೆ, ಬೆಲೆ ಮೂರನ್ನೂ ಇಬ್ಬರು ಬೇರೆ ಬೇರೆ ಪುಸ್ತಕದಲ್ಲಿ ಬರೆದು ಪ್ರತಿ ಹತ್ತು ಗಿಡಕ್ಕೊಮ್ಮೆ ತಾಳೆ ನೋಡಬೇಕು.

ಪಾವತಿ, ಸಾಗಣೆ, ಲೆಕ್ಕ

ಹಣ ಸಂಘದ ಖಾತೆಗೇ ಹೋಗಬೇಕು, ಖಜಾಂಚಿಯ ಸ್ವಂತ ಫೋನಿಗಲ್ಲ. ರಸೀದಿ ತೋರಿಸಿದವರಿಗೆ ಮಾತ್ರ ಬಾಗಿಲಲ್ಲಿ ಗಿಡ ಬಿಡಬೇಕು. ಜೀವಂತ ಗಿಡಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ, ಬಿಡಿಯಾಗಿ ಮಾರುವ ಎಲ್ಲ ಕುಂಡ, ಉಪಕರಣಗಳಿಗೂ ಆ ವಿನಾಯಿತಿ ಇರಲಿಕ್ಕಿಲ್ಲವಾದ್ದರಿಂದ ಅವುಗಳ ಲೆಕ್ಕವನ್ನು ಪ್ರತ್ಯೇಕ ಪುಟದಲ್ಲಿ ಬರೆದು ಲೆಕ್ಕಪರಿಶೋಧಕರಿಗೆ ತೋರಿಸಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘಗಳಿಗೆ ವಾರ್ಷಿಕ ಲೆಕ್ಕ ಮಂಡಿಸುವಾಗ ಈ ಪುಟ ಬೇಕೇ ಬೇಕು. ಗಿಡ ಒಯ್ಯುವವರಿಗೆ ರಟ್ಟಿನ ಪೆಟ್ಟಿಗೆ, ಹಳೆಯ ದಿನಪತ್ರಿಕೆ, ಕುಂಡವನ್ನು ಅಡ್ಡ ಬೀಳದಂತೆ ಬಿಗಿಯಲು ಥರ್ಮಾಕೋಲ್ ತುಂಡು ಒದಗಿಸಿದರೆ ಸಾಕು. ಕುಂಡವನ್ನು ಕಾರಿನ ಸೀಟಿನ ಮೇಲಿಡದೆ ಕಾಲಿಡುವ ಜಾಗದಲ್ಲಿ ಇಡುವಂತೆ ಹೇಳಬೇಕು.

ಗಿಡ ಕೊಟ್ಟವರಿಗೆ ಸಂಘದ ಪಾಲು ಕಳೆದು ಉಳಿದ ಹಣವನ್ನು ಒಂದು ವಾರದೊಳಗೆ ತಲುಪಿಸಬೇಕು. ಮಾರಾಟವಾಗದ ಗಿಡಗಳನ್ನು ಅಂದೇ ಸಂಜೆ ಅವರವರೇ ಒಯ್ಯಬೇಕು, ಮಂಟಪದಲ್ಲಿ ರಾತ್ರಿ ಉಳಿದರೆ ಮರುದಿನದ ಬಾಡಿಗೆಯೂ ಬೀಳುತ್ತದೆ. ಪ್ರತಿ ಚೀಟಿಯ ಒಂದು ಪ್ರತಿಯನ್ನು ಕೊಂಡವರ ಹೆಸರು, ಬೆಲೆಯೊಂದಿಗೆ ಸಂಘದ ಕಡತದಲ್ಲಿ ಅಂಟಿಸಿಡಬೇಕು. ಅದೇ ಬಸರಿ ಮುಂದೆ ಮತ್ತೊಮ್ಮೆ ಹರಾಜಿಗೆ ಬಂದಾಗ ಅದು ಯಾವ ವರ್ಷ ಕುಂಡ ಸೇರಿತು, ತಂತಿಯ ಗುರುತು ಯಾವ ಕೊಂಬೆಯಲ್ಲಿತ್ತು ಎಂಬುದನ್ನು ಹೊಸ ಚೀಟಿ ಬರೆಯುವವರು ಅಲ್ಲಿಂದಲೇ ನಕಲು ಮಾಡಿಕೊಳ್ಳಬಹುದು.